ದ್ವೀಪದಲ್ಲಿ ಉಳಿದ ಹುಡುಗಿ



ನಾನು ಸಾಹಿತಿಯಲ್ಲ. ಮೆಟ್ರಿಕ್ ಮುಗಿಸಿ, ಅಕ್ಕಲಕೋಟ ಕಡೆ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಯಾವುದನ್ನೇ ಆಗಲಿ ಜಮೆ ಒಂದು ಕಡೆ, ಖರ್ಚು ಒಂದು ಕಡೆ ಬರೆದು ನೋಡುವುದು ನನ್ನ ಹಳೆಯ ರೂಢಿ. ಈ ಹೊತ್ತು ಒಂದು ಪುಸ್ತಕವನ್ನು ಹಾಗೆಯೇ ನೋಡೋಣ.

ನನ್ನ ಮೊಮ್ಮಗಳು ಶಾಲೆಯಿಂದ ಒಂದು ಇಂಗ್ಲಿಷ್ ಕಾದಂಬರಿ ತಂದಿದ್ದಳು. ಹೆಸರು ‘ಐಲ್ಯಾಂಡ್ ಆಫ್ ದ ಬ್ಲೂ ಡಾಲ್ಫಿನ್ಸ್’. ಬರೆದವರು ಅಮೆರಿಕದ ಸ್ಕಾಟ್ ಓಡೆಲ್. 1960ರಲ್ಲಿ ಪ್ರಕಟವಾಯಿತು, ಮರುವರ್ಷವೇ ಮಕ್ಕಳ ಸಾಹಿತ್ಯಕ್ಕೆ ಕೊಡುವ ನ್ಯೂಬೆರಿ ಪದಕ ಪಡೆಯಿತು. ಪದಕೋಶ ಪಕ್ಕದಲ್ಲಿಟ್ಟುಕೊಂಡು ಓದಿದೆ.

ಕಥೆ ಇಷ್ಟು. ಕ್ಯಾಲಿಫೋರ್ನಿಯಾದ ಆಚೆ, ಕಡಲಿನಲ್ಲಿ ಒಂದು ದ್ವೀಪ. ಅಲ್ಲಿಯ ಜನರನ್ನೆಲ್ಲ ಹಡಗಿನಲ್ಲಿ ಕರೆದೊಯ್ಯುತ್ತಾರೆ. ಕರಾನಾ ಎಂಬ ಹುಡುಗಿಯ ತಮ್ಮ ದಡದಲ್ಲೇ ಉಳಿದುಬಿಡುತ್ತಾನೆ. ಬಿರುಗಾಳಿಗೆ ಹೆದರಿ ಹಡಗು ನಿಲ್ಲುವುದಿಲ್ಲ. ಅಕ್ಕ ನೀರಿಗೆ ಹಾರಿ ಈಜಿ ಬರುತ್ತಾಳೆ. ಸ್ವಲ್ಪ ದಿನದಲ್ಲಿ ಕಾಡುನಾಯಿಗಳು ತಮ್ಮನನ್ನು ಕೊಲ್ಲುತ್ತವೆ. ಆಮೇಲೆ ಹದಿನೆಂಟು ವರ್ಷ ಅವಳು ಒಬ್ಬಳೇ.

ಮೊದಲು ಜಮೆಯ ಕಡೆ ನೋಡೋಣ. ಬದುಕುವ ಕೆಲಸವನ್ನು ಲೇಖಕರು ಕೈಹಿಡಿದು ತೋರಿಸುತ್ತಾರೆ. ತಿಮಿಂಗಿಲದ ಪಕ್ಕೆಲುಬುಗಳನ್ನು ನೆಟ್ಟು ಬೇಲಿ ಕಟ್ಟುವುದು, ಎಣ್ಣೆ ತುಂಬಿದ ಪುಟ್ಟ ಮೀನನ್ನು ಒಣಗಿಸಿ ದೀಪವಾಗಿ ಹಚ್ಚುವುದು, ಇಂಥವು ಕಣ್ಣಿಗೆ ಕಟ್ಟುತ್ತವೆ. ಹೆಣ್ಣು ಆಯುಧ ಮಾಡಿದರೆ ಕೇಡು ಎಂಬುದು ಅವಳ ಕುಲದ ಕಟ್ಟಳೆ. ಅವಳು ಅಂಜುತ್ತಲೇ ಬಿಲ್ಲು ಮಾಡುತ್ತಾಳೆ. ಕೇಡೇನೂ ಆಗುವುದಿಲ್ಲ. ತಮ್ಮನನ್ನು ಕೊಂದ ನಾಯಿಗಳ ಮುಂದಾಳನ್ನು ಬಾಣದಿಂದ ಹೊಡೆದು, ಮತ್ತೆ ತಾನೇ ಆರೈಕೆ ಮಾಡಿ ಸಾಕಿಕೊಳ್ಳುತ್ತಾಳೆ. ಹಗೆ ಹೀಗೆ ಕರಗುವುದನ್ನು ಉಪದೇಶವಿಲ್ಲದೆ ಹೇಳಿದ್ದಾರೆ.

ಇನ್ನು ಖರ್ಚು. ತಮ್ಮನ ಸಾವಿನ ದುಃಖ ಬಹಳ ಬೇಗ ಮುಗಿಯುತ್ತದೆ. ಹದಿನೆಂಟು ವರ್ಷ ಎನ್ನುತ್ತಾರೆ, ಓದುವವನಿಗೆ ನಾಲ್ಕೈದು ವರ್ಷದಂತೆ ಕಾಣುತ್ತದೆ. ಹುಡುಗಿಯ ಮನಸ್ಸಿಗೆ ವಯಸ್ಸಾಗುವುದೇ ಇಲ್ಲ. ನೀರುನಾಯಿಗಳ ತೊಗಲಿಗಾಗಿ ಬರುವ ಅಲ್ಯೂಟ್ ಬೇಟೆಗಾರರು ಹೆಚ್ಚಾಗಿ ಬರೀ ವೈರಿಗಳು. ಅವರನ್ನೂ ರಷ್ಯದ ವ್ಯಾಪಾರಿಗಳು ಬಲವಂತದಿಂದ ದುಡಿಸಿಕೊಳ್ಳುತ್ತಿದ್ದರೆಂಬುದು ಈ ಪುಸ್ತಕದಿಂದ ಮಕ್ಕಳಿಗೆ ತಿಳಿಯದು.

ಆದರೆ ಆ ವೈರಿಗಳ ಜೊತೆಗೇ ಟುಟೋಕ್ ಎಂಬ ಹುಡುಗಿ ಬರುತ್ತಾಳೆ. ಕರಾನಾ ಮೊದಲು ಭರ್ಚಿಗೆ ಕೈಹಾಕುತ್ತಾಳೆ. ಮುಂದೆ ಇಬ್ಬರೂ ಒಂದೊಂದು ವಸ್ತು ತೋರಿಸಿ, ಅವಳ ಮಾತು ಇವಳು, ಇವಳ ಮಾತು ಅವಳು ಕಲಿಯುತ್ತಾರೆ. ಯಾರಿಗೂ ಹೇಳಬಾರದ ತನ್ನ ಗುಟ್ಟಿನ ಹೆಸರನ್ನು ಕರಾನಾ ಅವಳಿಗೆ ಹೇಳುತ್ತಾಳೆ. ಎರಡು ಭಾಷೆಯ ನಡುವೆ ಬೆಳೆದ ನಮಗೆ ಈ ಭಾಗವನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೊಡ್ಡ ಕೊರತೆ ಕೊನೆಯಲ್ಲಿದೆ. ಹಡಗು ಬರುತ್ತದೆ, ಅವಳು ಹೊರಡುತ್ತಾಳೆ, ಡಾಲ್ಫಿನ್‌ಗಳು ಜೊತೆಗೆ ಈಜುತ್ತವೆ, ಕಥೆ ಮುಗಿಯಿತು. ಇದರ ಹಿಂದೆ ನಿಜವಾದ ಒಬ್ಬ ಹೆಂಗಸಿದ್ದಳು. ಸ್ಯಾನ್ ನಿಕೋಲಸ್ ದ್ವೀಪದ ಜನರನ್ನು ಸಾಗಿಸಿದ್ದು 1835ರಲ್ಲಿ, ಅವಳನ್ನು ಕರೆತಂದದ್ದು 1853ರಲ್ಲಿ. ಸಾಂತಾ ಬಾರ್ಬರಾದಲ್ಲಿ ಜನ ಮುತ್ತಿಕೊಂಡರು, ಉಡುಗೊರೆ ಕೊಟ್ಟರು. ಅವಳ ಮಾತನ್ನು ಸರಿಯಾಗಿ ಬಲ್ಲವರು ಸಿಗಲಿಲ್ಲ. ಕೆಲವರು ಅಷ್ಟಿಷ್ಟು ಮಾತಾಡಿದ್ದಿರಬಹುದೆಂಬ ಸುಳಿವು ಈಚಿನ ಸಂಶೋಧಕರಿಗೆ ಸಿಕ್ಕಿದೆ. ಏಳೇ ವಾರಕ್ಕೆ ತೀರಿಕೊಂಡಳು. ಹುವಾನಾ ಮರಿಯಾ ಎಂಬುದು ಪಾದ್ರಿಗಳು ಇಟ್ಟ ಹೆಸರು. ಅವಳ ಸ್ವಂತ ಹೆಸರು ದಾಖಲೆಯಲ್ಲಿಲ್ಲ. ಅವಳ ಬಾಯಿಂದ ಬರೆದುಕೊಂಡ ಪದಗಳು ನಾಲ್ಕು. ಓಡೆಲ್ 1976ರಲ್ಲಿ ‘ಜಿಯಾ’ ಎಂಬ ಮುಂದುವರಿಕೆ ಬರೆದು ಈ ಭಾಗಕ್ಕೆ ಬಂದರು. ಆದರೆ ಮೊದಲನೆಯದನ್ನು ಮಾತ್ರ ಓದಿದ ಮಗು, ಹಡಗು ಹತ್ತಿದೊಡನೆ ಕಷ್ಟ ತೀರಿತೆಂದೇ ತಿಳಿಯುತ್ತದೆ.

ನನ್ನ ಕೌಂಟರಿಗೆ ಪ್ರತಿ ತಿಂಗಳು ಒಬ್ಬ ಮುದುಕಿ ಬರುತ್ತಿದ್ದಳು. ಮರಾಠಿ ಆಕೆಗೂ ಬರುತ್ತಿತ್ತು. ಪಕ್ಕದ ಕೌಂಟರ್ ಖಾಲಿಯಿದ್ದರೂ ನನ್ನ ಸಾಲಿನಲ್ಲೇ ನಿಲ್ಲುತ್ತಿದ್ದಳು. ಒಮ್ಮೆ, “ಅವ್ವಾ, ಆ ಕಡೆ ಹೋಗು, ಲಗೂ ಆಗತೈತಿ” ಅಂದೆ. “ಇರಲಿ ತಮ್ಮಾ, ನಿನ್ನ ಕೂಡ ನಾಕು ಮಾತಾಡಿ ಹೋಗ್ತೀನಿ. ಮನ್ಯಾಗ ಯಾರದಾರ?” ಅಂದಳು. ನಾನು ನಕ್ಕು ನೋಟು ಎಣಿಸಿದೆ. ಪುಸ್ತಕ ಮುಚ್ಚಿದ ರಾತ್ರಿ ಆ ಮುದುಕಿ ನೆನಪಾದಳು. ಅವಳ ಊರು ಯಾವುದೆಂದೂ ನಾನು ಕೇಳಿರಲಿಲ್ಲ.

ಮಕ್ಕಳಿಗೆ ಈ ಪುಸ್ತಕ ಅವಶ್ಯ ಕೊಡಿ. ಓದಿ ಮುಗಿಸಿದ ಮೇಲೆ ಪಕ್ಕದಲ್ಲಿ ಕೂಡಿಸಿಕೊಂಡು, ದಡ ಸೇರಿದ ಮೇಲೆ ಆಕೆ ಯಾರ ಕೂಡ ಮಾತಾಡಿರಬೇಕು ಎಂದು ಕೇಳಿ. ನಿಮ್ಮ ಓಣಿಯಲ್ಲೂ ಮಾತಿಗಾಗಿ ಕಾದು ಕೂತ ಮುದುಕಿ ಇದ್ದರೆ, ನಾಳೆ ಹೋಗುವಾಗ ಬರುವಾಗ ಮಾತಾಡಿಸಿ.