ಕಲ್ಲುಹೂವು ಕಲಿಸುವ ಪಾಠ
(ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬದ ಪ್ರಬೋಧನೆ)



ಅಕ್ಟೋಬರ್ 4 ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬ. 1226ರಲ್ಲಿ ದೈವಾಧೀನರಾದ ಈ ಬಡ ಸಂತರನ್ನು ಜಗದ್ಗುರು ಎರಡನೇ ಜಾನ್ ಪೌಲರು 1979ರಲ್ಲಿ ಪರಿಸರ ಕಾಯುವವರ ಪಾಲಕರೆಂದು ಘೋಷಿಸಿದರು. ದಾರಿಯಲ್ಲಿ ಬಿದ್ದ ಹುಳವನ್ನೂ ಯಾರೂ ತುಳಿಯದಿರಲೆಂದು ಎತ್ತಿ ಪಕ್ಕಕ್ಕಿಡುತ್ತಿದ್ದ ಸಂತರಿವರು. ಆದ್ದರಿಂದ ಈ ಹಬ್ಬದಂದು ಹುಲಿ, ಆನೆಗಳನ್ನು ಬಿಟ್ಟು, ನಮ್ಮ ಅಡಿಗೆಮನೆಯ ಡಬ್ಬಿಯಲ್ಲಿರುವ ಒಂದು ಸಣ್ಣ ಜೀವದ ಕುರಿತು ಧ್ಯಾನಿಸೋಣ. ಅದೇ ಕಲ್ಲುಹೂವು, ನಮ್ಮ ಕಡೆಯ ದಗಡಹೂ.

ಮಸಾಲೆ ಖಾರ ಕುಟ್ಟಿಸುವಾಗ ಲವಂಗ, ದಾಲ್ಚಿನ್ನಿಗಳ ಜೊತೆ ಇದೂ ಬೀಳಬೇಕು. ಹೆಸರು ಹೂವಾದರೂ ಇದು ಹೂವಲ್ಲ, ಎಲೆಯೂ ಅಲ್ಲ. ಶಿಲೀಂಧ್ರ ಮತ್ತು ಪಾಚಿ ಎಂಬ ಎರಡು ಜೀವಗಳು ಕೂಡಿ ನಡೆಸುವ ಸಂಸಾರವಿದು. ಶಿಲೀಂಧ್ರ ಮನೆ ಕಟ್ಟಿ ತೇವ ಹಿಡಿದಿಡುತ್ತದೆ. ಪಾಚಿ ಬಿಸಿಲಿನಿಂದ ಅನ್ನ ಮಾಡುತ್ತದೆ. 1867ರಲ್ಲಿ ಸ್ವಿಟ್ಜರ್‌ಲೆಂಡಿನ ಸೈಮನ್ ಶ್ವೆಂಡೆನರ್ ಇದನ್ನು ಹೇಳಿದಾಗ ಅನೇಕ ಪಂಡಿತರು ನಂಬಲಿಲ್ಲ. ಒಬ್ಬರಿಗೊಬ್ಬರು ಆಸರೆಯಾಗಿ ಬದುಕಬಹುದೆಂಬ ಸತ್ಯ ಕುಟುಂಬಸ್ಥರಾದ ನಮಗೆ ಹೊಸದೇನಲ್ಲ.

ಕಲ್ಲುಹೂವಿಗೆ ಬೇರಿಲ್ಲ. ಅದು ಗಾಳಿ, ಮಂಜು, ಮಳೆಯಿಂದಲೇ ಆಹಾರ ಪಡೆಯುತ್ತದೆ. ಆದ್ದರಿಂದ ಗಾಳಿ ಕೆಟ್ಟರೆ ಮೊದಲು ಸಾಯುವ ಜೀವಗಳಲ್ಲಿ ಇದೂ ಒಂದು. ಬೆಳವಣಿಗೆಯಂತೂ ಬಲು ನಿಧಾನ: ಅನೇಕ ಜಾತಿಗಳು ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತವೆ.

ಕಿತ್ತೂರು ಕೋಟೆಯ ಗೋಡೆ, ಸವದತ್ತಿಯ ಗುಡ್ಡ, ರಾಮದುರ್ಗದ ಬಂಡೆಗಳಂಥ ಹಳೆಯ ಕಲ್ಲುಗಳ ಮೇಲೆ ಬೂದಿ, ಹಳದಿ ಬಣ್ಣದ ಕಲೆಗಳಾಗಿ ಕಾಣುವವು ಇದರ ಬಂಧುಗಳೇ. ಮಸಾಲೆಗೆ ಬರುವ ಎಲೆಯಂಥ ಜಾತಿಗಳಿಗೆ ಮಾತ್ರ ತಂಪು ಕಾಡು ಬೇಕು. ಅಂಥ ಕಾಡು ನಮಗೆ ದೂರದ್ದಲ್ಲ. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಹೊಲಗಳಿಗೆ ನೀರುಣಿಸುವ ಮಲಪ್ರಭೆ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ, ಸಹ್ಯಾದ್ರಿಯ ಮಡಿಲಲ್ಲಿ. ಕಲ್ಲುಹೂವಿನ ಮನೆ ಕೆಟ್ಟರೆ ನಮ್ಮ ಹೊಳೆಯ ತವರುಮನೆಯೂ ಕೆಟ್ಟಂತೆ.

ಅಪಾಯ ಎಲ್ಲಿದೆ? ಹಳೆಯ ಮರ ಬಿದ್ದರೆ ಅದರ ಮೇಲಿನ ಜೀವವೂ ಹೋಯಿತು. ಚೀಲ ತುಂಬಿಸುವ ಅವಸರದಲ್ಲಿ ತೊಗಟೆಸಹಿತ ಹೆರೆದರೆ ಅಲ್ಲಿ ಮತ್ತೆ ಚಿಗುರಲು ಏನೂ ಉಳಿಯದು. ಮಾರುಕಟ್ಟೆಯ ಒಂದೇ ಚೀಲದಲ್ಲಿ ಹಲವು ಜಾತಿಗಳು ಬೆರೆತಿರುತ್ತವೆ. ಅಪರೂಪದ್ದೂ ಹೆಸರಿಲ್ಲದೆ ಕುಟ್ಟಣಿಗೆ ಬೀಳಬಹುದು. ಹಾಗೆಂದು ಸಂಗ್ರಹಿಸುವವರನ್ನು ದೂರಬಾರದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಜೇನು, ನೆಲ್ಲಿಯಂತೆ ಇದೂ ಜೀವನೋಪಾಯ. 2011ರಲ್ಲಿ ಅವರಿಗೆ ಸಮುದಾಯ ಅರಣ್ಯ ಹಕ್ಕುಗಳು ದೊರೆತವು. ಬಡವರ ಅನ್ನ ಮತ್ತು ಕಾಡಿನ ಆಯುಷ್ಯ, ಎರಡೂ ಉಳಿಯಬೇಕು.

ಕೆನಡಾದ ಕಾಡುಗಳಲ್ಲಿ ಬೆಳೆಯುವ ಇಂಥದೇ ಒಂದು ಜೀವ ಮರ ಕಡಿತ ಮತ್ತು ಗಾಳಿಯ ಮಾಲಿನ್ಯದಿಂದ ನಶಿಸುತ್ತಿರುವುದನ್ನು ಕಂಡು, 2003ರಲ್ಲಿ ಅದನ್ನು ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ಕೆಂಪು ಪಟ್ಟಿಗೆ ಸೇರಿಸಲಾಯಿತು. ಹೆಸರು ಗೊತ್ತಾದ ಮೇಲಷ್ಟೇ ಅದಕ್ಕೆ ಕಾವಲು ಬಂತು.

ಹೊಲದ ಹೂಗಳನ್ನೂ ಹಕ್ಕಿಗಳನ್ನೂ ನೋಡಿ ಕಲಿಯಲು ಪ್ರಭು ಯೇಸು ಹೇಳಿದರು. ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೋ ಸಿ’ ವಿಶ್ವಪತ್ರದಲ್ಲಿ ಶಿಲೀಂಧ್ರ, ಪಾಚಿ, ಹುಳುಗಳೂ ಸೃಷ್ಟಿಯ ಸುವ್ಯವಸ್ಥೆಗೆ ಅಗತ್ಯವೆಂದು ನೆನಪಿಸಿದರು. ಕಣ್ಣಿಗೆ ಬೀಳದವರೂ ದೇವರ ಲೆಕ್ಕದಲ್ಲಿದ್ದಾರೆ.

ಹಾಗಾದರೆ ನಾವೇನು ಮಾಡೋಣ? ಹಬ್ಬದ ಶೃಂಗಾರಕ್ಕೆಂದು ದೇವಾಲಯದ ಆವರಣದ ಮರಗಳಿಗೆ ಸುಣ್ಣ, ಕೆಮ್ಮಣ್ಣು ಬಳಿಯುವುದನ್ನು ನಿಲ್ಲಿಸೋಣ. ಅದು ತೊಗಟೆಯ ಮೇಲಿನ ಜೀವಗಳಿಗೆ ಬೆಳಕು ಮುಚ್ಚುತ್ತದೆ. ಬದುವಿನ ಹಳೆಯ ಹುಣಸೆ, ಬೇವುಗಳನ್ನು ಉಳಿಸೋಣ. ಧರ್ಮೋಪದೇಶದ ಮಕ್ಕಳಿಗೆ ಒಂದು ಭೂತಗನ್ನಡಿ ಕೊಟ್ಟು, ಕೀಳದೆ ನೋಡುವುದನ್ನು ಕಲಿಸೋಣ. ತಾಯಂದಿರೇ, ಹಿಡಿ ಹಾಕುವಲ್ಲಿ ಚಿಟಿಕೆ ಹಾಕಿದರೂ ಪರಿಮಳ ಬರುತ್ತದೆ.

ಹತ್ತಾರು ವರ್ಷ ಬೆಳೆದದ್ದನ್ನು ಚಾಕು ಒಂದು ಕ್ಷಣದಲ್ಲಿ ಹೆರೆಯುತ್ತದೆ. ದೇವರು ತಾಳ್ಮೆಯಿಂದ ಬೆಳೆಸಿದ್ದನ್ನು ನಾವು ತಾಳ್ಮೆಯಿಂದ ಕಾಯುವಂತೆ ಸಂತ ಫ್ರಾನ್ಸಿಸರು ನಮಗಾಗಿ ಪ್ರಾರ್ಥಿಸಲಿ. ಆಮೆನ್.