ಮುಂಬಾಗಿಲ ಜೀರ್ಣೋದ್ಧಾರ

ಮನೆಗೆ ಬಾಗಿಲು ಬಾಯಿ ಇದ್ದಂತೆ. ತಮಿಳಿನ ‘ವಾಯಿಲ್’ ಶಬ್ದದಲ್ಲಿ ‘ವಾಯ್’ ಎಂದರೆ ಬಾಯಿ, ‘ಇಲ್’ ಎಂದರೆ ಮನೆ ಎಂದು ಬಿಡಿಸುವುದುಂಟು. ನಮ್ಮ ‘ಬಾಗಿಲ್’ ಅದರ ದಾಯಾದಿ. ಬಾಯಿ ಕೆಟ್ಟರೆ ಉಣ್ಣುವುದೂ ಕಷ್ಟ, ಆಡುವುದೂ ಕಷ್ಟ. ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿರುವ ನಮ್ಮ ಮನೆಗೆ ಆ ವ್ಯಾಧಿ ತಗಲಿದ್ದು ಕಳೆದ ಮಳೆಗಾಲದಲ್ಲಿ.

ಮನೆ ಕಟ್ಟಿದಂದು ಅಂಗಳವು ಬೀದಿಗಿಂತ ಒಂದು ಗೇಣು ಎತ್ತರದಲ್ಲಿತ್ತು. ಮನೆ ಇದ್ದಲ್ಲಿಯೇ ಇತ್ತು, ಬೀದಿ ಬೆಳೆಯಿತು. ಹಳೆಯ ಡಾಂಬರನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಹೊಸದನ್ನು ಹಾಸುತ್ತ ಬಂದುದರಿಂದ ಈಗ ಬೀದಿಯೇ ಅಂಗಳಕ್ಕಿಂತ ಒಂದು ಗೇಣು ಮೇಲೆ. ನಮ್ಮ ತಪ್ಪೂ ಇಲ್ಲದಿಲ್ಲ. ಕೆಸರಾಗದಿರಲೆಂದು ಅಂಗಳಕ್ಕೆಲ್ಲ ಸಿಮೆಂಟು ಬಳಿಸಿದವರು ನಾವೇ. ಒಂದು ರಾತ್ರಿ ನೀರು ಹೊಸ್ತಿಲನ್ನು ದಾಟಿ ನಡುಮನೆಗೆ ಬಂದು, ನೆಲದ ಮೇಲೆ ಪೇರಿಸಿಟ್ಟಿದ್ದ ನನ್ನ ಹಳೆಯ ಟಿಪ್ಪಣಿಗಳನ್ನು ಓದಿ ಮುಗಿಸಿತು.

ಬೆಂಗಳೂರಿನಿಂದ ಮಗ ನಕ್ಷೆಯೊಡನೆ ಬಂದ. ಬಾಗಿಲಿನ ಇಕ್ಕೆಲದ ಜಗಲಿಗಳನ್ನು ಒಡೆಯುವುದು. ಅಂಗಳವನ್ನು ಒಂದೂವರೆ ಅಡಿ ಏರಿಸಿ ಟೈಲ್ಸ್ ಕೂಡಿಸುವುದು. ಕಾರು ನಿಲ್ಲಲು ಅಡ್ಡವಾಗುವ ಪಾರಿಜಾತವನ್ನು ತೆಗೆಯುವುದು. ಅವನ ಮಾತಿನಲ್ಲಿ ನ್ಯಾಯವಿರಲಿಲ್ಲವೆಂದಲ್ಲ. ಅವನ ತಾಯಿಗೆ ಮಂಡಿನೋವು. ಒದ್ದೆ ಮೆಟ್ಟಿಲಿನಲ್ಲಿ ಆಕೆ ಒಮ್ಮೆ ಜಾರಿದ್ದುಂಟು. ಆಕೆ ಮಾತ್ರ ಏನೂ ಹೇಳದೆ, ಸಿಮೆಂಟಿನ ಮೇಲೆ ಉದುರಿದ್ದ ಪಾರಿಜಾತದ ಹೂಗಳನ್ನು ಆಯ್ದು ತಟ್ಟೆಗೆ ಹಾಕುತ್ತಿದ್ದಳು.

ಅಡ್ಡಿ ಹೇಳಿದವನು ಮೇಸ್ತ್ರಿ. “ನೀವು ಏರಿಸಿದ್ರೆ ನೀರು ಪಕ್ಕದ ಮನೆ ಅಜ್ಜಿ ಕಡೆ ಹೋಗ್ತದೆ, ಬುದ್ಧಿ. ಅವರು ಎಲ್ಲಿಂದ ತಂದು ಏರಿಸ್ತಾರೆ?” ಎಂದ. ನನ್ನ ಮಗ ನಕ್ಷೆಯನ್ನು ಮಡಿಸಿದ.

ಆ ಸಂಜೆ ಕಾಗದದ ಮೇಲೆ ಲೆಕ್ಕ ಹಾಕಿದೆವು. ನಮ್ಮ ಅಂಗಳ ಇಪ್ಪತ್ತು ಅಡಿ ಉದ್ದ, ಹದಿನೈದು ಅಡಿ ಅಗಲ. ಒಂದು ಇಂಚು ಮಳೆಯೆಂದರೆ ಅಷ್ಟರ ಮೇಲೆಯೇ ಸುಮಾರು 700 ಲೀಟರು ನೀರು. ಮಾಡಿನಿಂದ ಸುರಿಯುವುದು ಬೇರೆ. ಬೆಂಗಳೂರಿನಲ್ಲಿ 2009ರಲ್ಲಿ ದೊಡ್ಡ ನಿವೇಶನಗಳಿಗೆ ಮಳೆನೀರಿನ ಸಂಗ್ರಹವನ್ನು ಕಾನೂನೇ ಕಡ್ಡಾಯ ಮಾಡಿದುದನ್ನು ಮಗನೇ ನೆನಪಿಸಿದ. ಸಿಮೆಂಟನ್ನು ಅಗೆದು ತೆಗೆಸಿದೆವು. ಅಂಗಳಕ್ಕೆ ಬಾಗಿಲಿನಿಂದ ಆಚೆಗೆ ಇಳಿಜಾರು ಕೊಟ್ಟು, ತಗ್ಗಿನ ಮೂಲೆಯಲ್ಲಿ ಗುಂಡಿ ತೋಡಿಸಿ ಜಲ್ಲಿಯನ್ನೂ ಮರಳನ್ನೂ ತುಂಬಿಸಿದೆವು. ನಡೆದಾಡುವಲ್ಲಿ ಹೊಳಪಿಲ್ಲದ ಕಲ್ಲುಚಪ್ಪಡಿ. ಚಪ್ಪಡಿಗಳ ನಡುವೆ ಎರಡೆರಡು ಇಂಚು ಸಂದು ಬಿಟ್ಟು ಗರಿಕೆ ನೆಟ್ಟದ್ದಾಯಿತು. ಪಾರಿಜಾತದ ಸುತ್ತ ಮೂರಡಿ ಮಣ್ಣು ತೆರೆದೇ ಇದೆ. ಬುಡದವರೆಗೂ ಸಿಮೆಂಟು ಮೆತ್ತಿದರೆ ಬೇರಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ. ಹೊಸ್ತಿಲನ್ನು ಒಂದು ಮೆಟ್ಟಿಲಿನಷ್ಟು ಎತ್ತರಿಸಿದೆವು. ಕಾರು ಬೀದಿಯಲ್ಲಿಯೇ ನಿಲ್ಲುತ್ತದೆ.

ಇನ್ನು ಜಗಲಿ. ಹೊಸ್ತಿಲ ಮೇಲಿಟ್ಟ ದೀಪ ಒಳಕ್ಕೂ ಹೊರಕ್ಕೂ ಬೆಳಕಾಗುವುದನ್ನು ಶಾಸ್ತ್ರಕಾರರು ದೇಹಲೀದೀಪನ್ಯಾಯವೆಂದರು. ಜಗಲಿಯದೂ ಅದೇ ನ್ಯಾಯ. ಮನೆಯೊಳಕ್ಕೆ ಕರೆಯಲಾಗದವರನ್ನೂ ಬೀದಿಯಲ್ಲಿ ನಿಲ್ಲಿಸದೆ ಕೂರಿಸಬಹುದು. (ಒಳಕ್ಕೆ ಕರೆಯಲಾಗದವರು ಯಾರೆಂಬ ಪ್ರಶ್ನೆಯನ್ನು ನಮ್ಮ ಹಿರಿಯರು ಕೇಳಿಕೊಳ್ಳಲಿಲ್ಲ, ಜಗಲಿಯನ್ನು ಹೊಗಳುವ ನಾನು ಅದನ್ನು ಮರೆಯಬಾರದು.) ಅದರ ಮೇಲಿನ ಮಾಡಿಗೆ ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಕ್ರಮೇಣ ಘಟ್ಟ ಹತ್ತಿ ಬಂದ ಬಗೆಯದು. ಕೆದಕಿ ನೋಡಿದರೆ ಎಡಗಡೆಯ ಜಗಲಿಯ ತಳಪಾಯವು ನೀರು ಕುಡಿದು ಬಿರಿದಿತ್ತು. ಅದನ್ನು ಉಳಿಸಲಾಗಲಿಲ್ಲ. ಆ ಜಾಗದಲ್ಲಿ, ಮಗನ ಇಷ್ಟದಂತೆ, ಕೈಪಿಡಿಯಿರುವ ಇಳಿಜಾರು ದಾರಿ ಬಂತು. ನನ್ನ ಹೆಂಡತಿ ಈಗ ಅದರಲ್ಲಿಯೇ ಓಡಾಡುವುದು. ನಾನೂ, ಯಾರೂ ನೋಡದಾಗ.

ಕೆಲಸ ಮುಗಿದ ಮರುದಿನ ಹೂವಿನಾಕೆ ಬಂದಳು. ಮೂವತ್ತು ವರ್ಷಗಳಿಂದ ಎಡಗಡೆಯ ಜಗಲಿಯ ಮೇಲೆಯೇ ಬುಟ್ಟಿ ಇಳಿಸಿದವಳು. ನೆಲಕ್ಕಿಳಿಸಿದರೆ ಮತ್ತೆ ತಲೆಗೆ ಎತ್ತಿಕೊಡಲು ಇನ್ನೊಬ್ಬರು ಬೇಕು. ಜಗಲಿಯ ಮೇಲಾದರೆ ತಾನೇ ಎತ್ತಿಕೊಳ್ಳಬಹುದು. ಬುಟ್ಟಿ ಹೊತ್ತೇ ಒಂದು ಗಳಿಗೆ ನಿಂತು ನೋಡಿದಳು. ಅನಂತರ ಬಲಗಡೆಗೆ ಬಂದು ಇಳಿಸಿ, ಮಾಮೂಲಿನಂತೆ ಎರಡು ಮೊಳ ಅಳೆದು ಕೊಟ್ಟು, “ಆ ಕಡೆ ನೆಳ್ಳಿತ್ತು, ಸ್ವಾಮಿ” ಎಂದಳು.

ಬಲಗಡೆಗೊಂದು ಸಂಪಿಗೆಯ ಸಸಿಯನ್ನು ತಂದು ನೆಟ್ಟಿದ್ದೇವೆ. ಈಗ ಮೊಣಕಾಲಿನಷ್ಟಿದೆ.