ಚಕ್ರವರ್ತಿಯ ಕಾಯಿಪಲ್ಲೆಯ ತೋಟ



ಅಧಿಕಾರವನ್ನು ಪಡೆಯುವ ಬಗೆಯನ್ನು ಲೋಕವು ಚೆನ್ನಾಗಿ ಬಲ್ಲದು; ಅದನ್ನು ಇಳುಹಿ ಸುಖವಾಗಿರಬಲ್ಲವರು ವಿರಳ. ರೋಮಿನ ಚಕ್ರವರ್ತಿ ಡಯೋಕ್ಲೀಷಿಯನ್ನನು ಅಂತಹ ವಿರಳರಲ್ಲೊಬ್ಬನು. ಕ್ರಿ. ಶ. 284ರಲ್ಲಿ ಪಟ್ಟವೇರಿದ ಈತನು 305ರಲ್ಲಿ, ಕಠಿನ ವ್ಯಾಧಿಯಿಂದ ಬಳಲಿದ ತರುವಾಯ, ಸಿಂಹಾಸನವನ್ನು ತ್ಯಜಿಸಿ ಹುಟ್ಟುನಾಡಾದ ಡಾಲ್ಮೇಷಿಯಾದ ಕಡಲದಂಡೆಗೆ ಮರಳಿದನು. ಅಲ್ಲಿಯ ವಾಸವು ಪರ್ಣಕುಟಿಯಲ್ಲೇನೂ ಅಲ್ಲ. ಆ ಅರಮನೆಯ ಗೋಡೆಗಳೊಳಗೆ ಸ್ಪ್ಲಿಟ್ ನಗರದ ಜನರು ಇಂದಿಗೂ ಮನೆಮಾಡಿಕೊಂಡಿದ್ದಾರೆ. ಆದರೆ ಅವನ ಮನವು ನೆಟ್ಟುದು ಕಾಯಿಪಲ್ಲೆಯ ಪಾತಿಗಳಲ್ಲಿ.

308ರಲ್ಲಿ ರಾಜ್ಯವು ಕಲಹಕ್ಕೀಡಾಗಲು, ಹಳೆಯ ಜೊತೆಗಾರರು ಮತ್ತೆ ಕಿರೀಟವನ್ನು ಧರಿಸಬೇಕೆಂದು ಬೇಡಿಕೊಂಡರು. ತಾನು ಕೈಯಾರೆ ಬೆಳೆದ ಪಲ್ಲೆಯನ್ನು ಕಂಡಿದ್ದರೆ ಅವರು ಈ ಮಾತನ್ನೆತ್ತುತ್ತಲೇ ಇರಲಿಲ್ಲವೆಂದು ಆತನು ಉತ್ತರವಿತ್ತನೆಂದು ಪ್ರತೀತಿ. ವಿಶ್ರಾಂತಿವೇತನ ಪಡೆಯುತ್ತ, ಮನೆಯ ಜಗಲಿಯಲ್ಲಿ ಕುಳಿತೂ ಕಚೇರಿಯ ಕನಸನ್ನೇ ಕಾಣುವ ಹಿರಿಯರು ಈ ಉತ್ತರವನ್ನೊಮ್ಮೆ ಮೆಲುಕುಹಾಕಬಹುದು.

ಆಳುವಾಗ ಕ್ರೈಸ್ತರನ್ನು ಹಿಂಸಿಸಿದ ಕೈಯೂ ಇದೇ ಎಂಬುದನ್ನು ಮರೆಯಲಾಗದು. ಇಳಿಗಾಲದಲ್ಲಿ ಅವನಿಗೆ ದುಃಖವೂ ತಪ್ಪಲಿಲ್ಲ. ವಿಧವೆಯಾದ ಮಗಳು ವಲೇರಿಯಾಳನ್ನು ಮೂಡಣ ಸೀಮೆಯ ಅರಸನು ದೇಶಭ್ರಷ್ಟಳನ್ನಾಗಿಸಿದನು. ಆಕೆಯನ್ನು ಕಳುಹಿಕೊಡಬೇಕೆಂದು ಮುದುಕನು ಮೊರೆಯಿಟ್ಟನು, ಯಾರೂ ಕಿವಿಗೊಡಲಿಲ್ಲ. ಸಾಮ್ರಾಜ್ಯವನ್ನಾಳಿದವನಿಗೆ ಮಗಳನ್ನು ತನ್ನ ತೋಟಕ್ಕೆ ಕರೆಯಿಸಿಕೊಳ್ಳುವಷ್ಟು ಬಲವೂ ಉಳಿದಿರಲಿಲ್ಲ.